ಸೊನ್ನೆ ತಾಕಿಗೆ ಒಂದು ಬುಟ್ಟಿ

ಮೇವಿನ ಹುಲ್ಲಿನ ಆ ಪ್ರಯೋಗ ಶುರುವಾಗಿ ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷವೂ ಹುಲ್ಲು ತೂಗಿದವಳು ಒಬ್ಬಳೇ. ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಗ್ರಾಂ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲ ವಾರ ಟ್ರ್ಯಾಕ್ಟರ್ ಡ್ರೈವರ್ ಹುಲ್ಲಿನ ಹೊರೆಯೊಂದನ್ನು ತಕ್ಕಡಿಯ ಮೇಲೆ ಎತ್ತಿಹಾಕಿ, "ನಲವತ್ತು ಅಂತ ಬರ್ಕೊಂಬಿಡಿ ಮೇಡಂ, ಬಿಸಿಲು ಏರ್ತಾ ಇದೆ" ಎಂದಿದ್ದ. ಅವಳು ಮೂವತ್ತೊಂಬತ್ತು ಕೆಜಿ ಎಂಟುನೂರ ಇಪ್ಪತ್ತು ಗ್ರಾಂ ಎಂದು ಬರೆದುಕೊಂಡಳು. ಡ್ರೈವರ್ ಊಟದ ಹೊತ್ತಿನಲ್ಲಿ ಇದನ್ನು ಹತ್ತು ಜನಕ್ಕೆ ಹೇಳಿದ. ಸಂಜೆಯೊಳಗೆ ಹೆಸರು ಅಂಟಿಕೊಂಡಿತು.

ಪ್ರಯೋಗದ ಹೊಲದಲ್ಲಿ ಸಮನಾಗಿ ಹಂಚಿದ ಇಪ್ಪತ್ತು ತಾಕುಗಳಿದ್ದವು. ಒಂದು ಸಾಲಿಗೆ ಐದರಂತೆ ನಾಲ್ಕು ಸಾಲು. ಪ್ರತಿ ಸಾಲಿನಲ್ಲೂ ಒಂದು ತಾಕಿಗೆ ಕೊಟ್ಟಿಗೆ ಗೊಬ್ಬರ, ಇನ್ನು ಮೂರಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ರಾಸಾಯನಿಕ ಗೊಬ್ಬರ. ಉಳಿದ ಒಂದಕ್ಕೆ ಏನೂ ಇಲ್ಲ. ಅದರ ಮುಂದಿನ ತಗಡಿನ ಮೇಲೆ ಒಂದು ಸೊನ್ನೆ ಬರೆದಿತ್ತು. ಏನೂ ಕೊಡದ ತಾಕೊಂದು ಇಲ್ಲದೆ ಹೋದರೆ, ಕೊಟ್ಟದ್ದು ಎಷ್ಟು ಕೆಲಸ ಮಾಡಿತು ಎಂದು ಹೇಳಲು ಆಗುವುದಿಲ್ಲ. ಸೊನ್ನೆ ತಾಕಿನ ಕೆಲಸ ಎಂದರೆ ಬಡವಾಗಿ ಬೆಳೆದು ತೋರಿಸುವುದು, ಅಷ್ಟೇ.

ಎರಡು ತಿಂಗಳಿಗೊಮ್ಮೆ ಕಟಾವು. ಅಂಚಿನ ಸಾಲುಗಳನ್ನು ಮೊದಲು ಕತ್ತರಿಸಿ ಆಚೆ ಹಾಕಬೇಕು. ಅಂಚಿನ ಗಿಡಕ್ಕೆ ಗಾಳಿ ಬೆಳಕು ಹೆಚ್ಚು ಸಿಕ್ಕಿ ಅದು ದಪ್ಪ ಬೆಳೆದು ಲೆಕ್ಕ ಕೆಡಿಸುತ್ತದೆ. ಒಳಗಿನದ್ದನ್ನು ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು. ಅದಕ್ಕಿಂತ ಕೆಳಗೆ ಕೊಯ್ದರೆ ಬುಡ ಮತ್ತೆ ಚಿಗುರಲು ಮುನಿಸಿಕೊಳ್ಳುತ್ತದೆ. ಕೊಯ್ದ ಹುಲ್ಲು ಬಿಸಿಲಿಗೆ ಬಾಡುವ ಮೊದಲೇ ತೂಗಬೇಕು. ಅದರಲ್ಲಿ ಅರ್ಧ ಕೆಜಿ ತೆಗೆದು ಕತ್ತರಿಸಿ, ಕಾಗದದ ಚೀಲಕ್ಕೆ ತುಂಬಿ, ಒಲೆಯಂಥ ಪೆಟ್ಟಿಗೆಯಲ್ಲಿ ಮೂರು ದಿನ ಒಣಗಿಸಿ, ಮತ್ತೆ ತೂಗಬೇಕು. ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ನೀರು ಹೋದ ಮೇಲೆ ಉಳಿದದ್ದು ಮಾತ್ರ ಹುಲ್ಲು. ಈ ವಿಷಯ ಅವಳಿಗೆ ಹುಲ್ಲಿನ ಹೊರಗೂ ಎಷ್ಟೋ ಕಡೆ ಉಪಯೋಗಕ್ಕೆ ಬಂದಿತ್ತು. ಯಾರಾದರೂ ಬಹಳ ಮಾತಾಡಿದರೆ ಅವಳು ಮನಸ್ಸಿನಲ್ಲೇ ಒಣಗಿಸಿ ನೋಡುತ್ತಿದ್ದಳು.

ಹೊಲದಲ್ಲಿ ಕಳೆ ಕೀಳುವುದು, ಕಾಲುವೆಯ ನೀರು ತಿರುಗಿಸುವುದು ಅವಳ ಅಮ್ಮನ ಕೆಲಸ. ಅಮ್ಮ ಕೇಂದ್ರಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಅಧಿಕಾರಿಯಿಂದ ಹಿಡಿದು ಗೇಟಿನವನವರೆಗೆ ಎಲ್ಲರಿಗೂ ಆಕೆ ಅಕ್ಕ. ಮನೆಯಲ್ಲಿ ತಾಯಿ ಮಗಳು ಇಬ್ಬರೇ, ಜೊತೆಗೆ ಎರಡು ಹಸು. ಅಮ್ಮ ಎಲ್ಲರಿಗಿಂತ ಒಂದು ಗಂಟೆ ಮೊದಲು ಮನೆ ಬಿಡುತ್ತಿದ್ದಳು. ಕಾಲುವೆಗೆ ಬೇಗ ನೀರು ಬರುತ್ತದೆ ಎನ್ನುತ್ತಿದ್ದಳು. ಮಗಳು ಅದನ್ನು ಒಣಗಿಸಿ ನೋಡಿರಲಿಲ್ಲ.

ಪ್ರಯೋಗ ಅಧಿಕಾರಿಯದು. ತೆಳ್ಳಗಿನ ಮನುಷ್ಯ. ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದ, ಆರಿದ ಮೇಲೆ ಕುಡಿಯುತ್ತಿದ್ದ. ಯಾವ ಅಂಕಿ ಕೊಟ್ಟರೂ ಮೊದಲು ಸರಾಸರಿ ತೆಗೆಯುತ್ತಿದ್ದುದರಿಂದ ಅವನಿಗೆ ಬೆನ್ನ ಹಿಂದೆ ಸರಾಸರಿ ಸಾಹೇಬ ಎಂಬ ಹೆಸರಿತ್ತು. ಅವನಿಗೆ ಅದು ಗೊತ್ತಿತ್ತು, ಬೇಸರವೂ ಇರಲಿಲ್ಲ. ಅವನ ಬೇಸರವೆಲ್ಲ ಸೊನ್ನೆ ತಾಕುಗಳ ಮೇಲೆ. ಅವು ಬಡವಾಗಲು ಒಪ್ಪುತ್ತಿರಲಿಲ್ಲ.

ಮೊದಲ ವರ್ಷದ ಮೂರನೇ ಕಟಾವಿನಲ್ಲಿ ಅವು ನಿಯಮದಂತೆ ಹಳದಿಗೆ ತಿರುಗಿದವು. ಆಮೇಲೆ ಏನಾಯಿತೋ, ಚೇತರಿಸಿಕೊಂಡವು. ಪೂರ್ತಿ ಗೊಬ್ಬರ ತಿಂದ ತಾಕು ನಲವತ್ತನಾಲ್ಕು ಕೆಜಿ ಕೊಟ್ಟರೆ ಏನೂ ತಿನ್ನದ ತಾಕು ಮೂವತ್ತೊಂಬತ್ತು ಕೊಡುತ್ತಿತ್ತು. ಮೂರನೇ ವರ್ಷ ನೀರು ತಡವಾಗಿ ಬಂತು, ಎಲ್ಲ ತಾಕುಗಳೂ ಸೊರಗಿದವು, ಸೊನ್ನೆಯವು ಅಷ್ಟಾಗಿ ಸೊರಗಲಿಲ್ಲ. ಐದನೇ ವರ್ಷ ಹೊಲದಲ್ಲಿ ಹನ್ನೊಂದು ದಿನ ನೀರು ನಿಂತಿತು. ಉಳಿದವು ಬೇರು ಉಸಿರುಗಟ್ಟಿ ಕುಸಿದವು, ಸೊನ್ನೆಯವು ಮೊದಲು ಎದ್ದು ನಿಂತವು. ಅಧಿಕಾರಿ ಮೊದಲ ಎರಡು ವರ್ಷ ತಲೆ ಕೆರೆದುಕೊಂಡ. ಮುಂದಿನ ನಾಲ್ಕು ವರ್ಷ ಓದಿದ. ಕೊನೆಗೆ, ಈ ಹುಲ್ಲಿನ ಬೇರಿನಲ್ಲಿ ಗಾಳಿಯಿಂದ ಸಾರಜನಕ ಹಿಡಿದು ಕೊಡುವ ಯಾವುದೋ ಸೂಕ್ಷ್ಮಜೀವಿ ವಾಸವಾಗಿದೆ ಎಂದು ತೀರ್ಮಾನಿಸಿ ದೊಡ್ಡ ಸಂಸ್ಥೆಯೊಂದಕ್ಕೆ ಕಾಗದ ಬರೆದ. ಅವರು ಆಸಕ್ತಿಯಿದೆ ಎಂದು ಉತ್ತರಿಸಿದರು. ಆ ದಿನ ಅವನು ಬಿಸಿನೀರನ್ನು ಬಿಸಿಯಾಗಿಯೇ ಕುಡಿದ.

ತೊಂದರೆ ಕೊಡುತ್ತಿದ್ದುದು ನಾಲ್ಕನೇ ಸಾಲಿನ ಸೊನ್ನೆ ತಾಕು ಒಂದೇ. ಹದಿನೇಳನೇ ನಂಬರಿನದು. ಅದು ಒಂಬತ್ತು ವರ್ಷವೂ ಹದಿನಾಲ್ಕು ಕೆಜಿ, ಹದಿಮೂರು ಕೆಜಿ ಎಂದು ಕೊಸರಾಡುತ್ತಿತ್ತು. ಎಲೆ ಹಳದಿ, ಕಾಂಡ ಕಡ್ಡಿ. ಅಧಿಕಾರಿ ಅಲ್ಲಿ ಎರಡು ಗುಂಡಿ ತೋಡಿಸಿದ, ಮಣ್ಣನ್ನು ಮೂರು ಕಡೆ ಪರೀಕ್ಷೆಗೆ ಕಳಿಸಿದ, ಕೆಳಗೆ ಬಂಡೆಯಿರಬೇಕು ಎಂದ, ಉಪ್ಪಿರಬೇಕು ಎಂದ. ಕೊನೆಗೆ ಹಿಂದಿನವನ್ನೂ ಬಿಡದೆ ಪ್ರತಿ ಕಟಾವಿನಲ್ಲೂ ಅದರ ಅಂಕಿಯನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ದೋಷಯುಕ್ತ ನೆಲ' ಎಂದು ಬರೆದು, ಉಳಿದ ಮೂರರ ಸರಾಸರಿ ತೆಗೆಯತೊಡಗಿದ.

ಒಂಬತ್ತನೇ ವರ್ಷದ ಕೊನೆಯ ಕಟಾವಿನ ದಿನ ಅವಳು ಎಂಟನೇ ತಾಕಿನಲ್ಲಿ, ಅಂದರೆ ಎರಡನೇ ಸಾಲಿನ ಸೊನ್ನೆಯಲ್ಲಿ, ಮೊಣಕಾಲೂರಿ ಕೊಯ್ದು ಉಳಿದ ಕೂಳೆಯ ಎತ್ತರ ಅಳೆಯುತ್ತಿದ್ದಳು. ಅಳತೆಪಟ್ಟಿ ಮಣ್ಣಿಗೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಪಕ್ಕದ ತಾಕಿನಲ್ಲಿ ಅದು ಠಕ್ಕೆಂದು ನಿಲ್ಲುತ್ತಿತ್ತು. ಅವಳು ಬುಡದ ಮಣ್ಣನ್ನು ಬೆರಳಿನಿಂದ ಕೆದಕಿದಳು. ಕಪ್ಪು ಮಣ್ಣು, ಪುಡಿಪುಡಿ, ತುಂಬ ಎರೆಹುಳು. ಇನ್ನೂ ಸ್ವಲ್ಪ ಕೆದಕಿದಾಗ ಮೊಟ್ಟೆಯ ಚಿಪ್ಪಿನ ಚೂರು ಸಿಕ್ಕಿತು. ಅದರ ಕೆಳಗೆ ಬಟ್ಟೆಗೆ ಹೊಲಿಯುವ ಒಂದು ಗುಂಡಿ. ಮರದ ಗುಂಡಿ, ನಾಲ್ಕು ತೂತು, ಅಂಚಿನಲ್ಲಿ ಹಲ್ಲಿನ ಗುರುತು.

ಹಲ್ಲು ಅವಳದೇ. ಓದುವಾಗ ಸ್ವೆಟರಿನ ಗುಂಡಿ ಕಚ್ಚುವ ಅಭ್ಯಾಸ ಅವಳಿಗಿತ್ತು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ಆ ಗುಂಡಿ ಕಳೆದುಹೋಗಿ, ಮನೆಯೆಲ್ಲ ಹುಡುಕಿ, ಕೊನೆಗೆ ಆ ಜಾಗಕ್ಕೆ ಶರ್ಟಿನ ಬಿಳಿ ಗುಂಡಿಯೊಂದನ್ನು ಹೊಲಿದುಕೊಂಡಿದ್ದಳು. ಆ ಸ್ವೆಟರು ಈಗಲೂ ಅವಳ ಮೈಮೇಲಿತ್ತು. ಮನೆಯ ಕಸ ಗುಡಿಸಿದರೆ ಹೋಗುವುದು ಹಿತ್ತಿಲ ತಿಪ್ಪೆಗೆ. ತಿಪ್ಪೆಯಿಂದ ಎಂಟನೇ ತಾಕಿಗೆ ಹತ್ತಿರ ಹತ್ತಿರ ಒಂದು ಮೈಲಿ. ಗುಂಡಿಗೆ ಕಾಲಿಲ್ಲ.

"ಏನು ಗ್ರಾಂ ಮೇಡಂ, ನಿಧಿ ಸಿಕ್ತಾ?" ಎಂದ ಡ್ರೈವರ್ ಟ್ರಾಲಿಯ ಮೇಲಿಂದ.

"ಇಲ್ಲ."

"ಸಿಕ್ರೆ ಅರ್ಧ ನನಗೆ."

ಅವಳು ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಹುಲ್ಲು ತೂಗಿದಳು. ಮೂವತ್ತೊಂಬತ್ತು ಕೆಜಿ ಇನ್ನೂರ ನಲವತ್ತು ಗ್ರಾಂ. ಬರೆದಳು. ಆ ಅಂಕಿ ಸರಿಯಾಗಿತ್ತು, ತಪ್ಪೂ ಆಗಿತ್ತು. ಎರಡನ್ನೂ ಒಟ್ಟಿಗೆ ಬರೆಯಲು ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಎರಡು ದಿನ ಅವಳು ಏನೂ ಮಾತಾಡಲಿಲ್ಲ. ಇದು ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಮೊದಲೂ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ತಾಯಿ ಮಗಳ ಮೌನ ಹಳೆಯ ಚಾಪೆಯಂತೆ, ಇಬ್ಬರೂ ಅದರ ಮೇಲೆ ಕೂತು ಉಣ್ಣುತ್ತಿದ್ದರು. ಆದರೆ ಈ ಸಲ ಅವಳು ಕೂತ ಕಡೆ ಅದು ಚುಚ್ಚುತ್ತಿತ್ತು.

ಮೂರನೇ ದಿನ ಅಧಿಕಾರಿ ಅವಳನ್ನು ಕರೆದು ಮಡಚಿದ ಹಾಳೆಯೊಂದನ್ನು ಕೊಟ್ಟ. ಅಚ್ಚಿಗೆ ಹೋಗಬೇಕಾದ ಕರಪತ್ರದ ಕರಡು. ಮೇಲೆ ದಪ್ಪಕ್ಷರದಲ್ಲಿ 'ಈ ಹುಲ್ಲಿಗೆ ಗೊಬ್ಬರ ಬೇಕಿಲ್ಲ' ಎಂದಿತ್ತು. ಕೆಳಗೆ ಅವಳ ಒಂಬತ್ತು ವರ್ಷದ ಅಂಕಿಗಳು. ಅದರ ಕೆಳಗೆ 'ಅಂಕಿಗಳನ್ನು ಪರಿಶೀಲಿಸಿದವರು' ಎಂದು ಒಂದು ಗೆರೆ, ಅವಳ ಸಹಿಗೆ.

"ಏಳು ಸಾವಿರ ಪ್ರತಿ," ಎಂದ ಅಧಿಕಾರಿ. ಅವನ ದನಿಯಲ್ಲಿ ಅಪರೂಪಕ್ಕೆ ಸರಾಸರಿಗಿಂತ ಮೇಲಿನದೇನೋ ಇತ್ತು. "ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿನವ್ರು ಬರ್ತಾರೆ. ಒಂದ್ಸಲ ನೋಡಿ ಸಹಿ ಹಾಕಿ ಕೊಡಮ್ಮ."

ಏಳು ಸಾವಿರ ಮನೆಯವರು ಇದನ್ನು ಓದಿ ಗೊಬ್ಬರ ಹಾಕುವುದು ನಿಲ್ಲಿಸುತ್ತಾರೆ. ಮೊದಲ ವರ್ಷ ನೆಲದಲ್ಲಿ ಉಳಿದದ್ದನ್ನು ತಿಂದು ಹುಲ್ಲು ಹೇಗೋ ಬರುತ್ತದೆ. ಎರಡನೇ ವರ್ಷ ಏಳು ಸಾವಿರ ಹದಿನೇಳನೇ ತಾಕುಗಳು. ಇದೆಲ್ಲ ಅವಳಿಗೆ ಮೆಟ್ಟಿಲು ಇಳಿಯುವಷ್ಟರಲ್ಲಿ ಹೊಳೆದಿತ್ತು. ಜೊತೆಗೆ ಇನ್ನೊಂದೂ ನೆನಪಾಯಿತು. ಹೋದ ವರ್ಷ ಯೂರಿಯಾವನ್ನು ತಪ್ಪಿ ಪಕ್ಕದ ತಾಕಿಗೆ ಚೆಲ್ಲಿದ ಕೆಲಸದವನನ್ನು ಮಾರನೆಯ ದಿನವೇ ಮನೆಗೆ ಕಳಿಸಿದ್ದರು. ಅವನು ಚೆಲ್ಲಿದ್ದು ಒಂದು ಬೊಗಸೆ, ಒಂದು ಸಲ. ಒಂಬತ್ತು ವರ್ಷ ಚೆಲ್ಲಿದವರನ್ನು ಎಲ್ಲಿಗೆ ಕಳಿಸುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಹೊಲ ಬಿಟ್ಟರೆ ಅಮ್ಮನಿಗೆ ಬೇರೆ ಬದುಕಿರಲಿಲ್ಲ. ರಜೆಯ ದಿನವೂ ಆಕೆ ಬದುವಿನ ಮೇಲೆ ಹೋಗಿ ಕೂತು ಬರುತ್ತಿದ್ದಳು.

ಸಂಜೆ ಅಮ್ಮ ಹಸುಗಳಿಗೆ ಮೇವು ಹಾಕಿ ಕೈತೊಳೆದು ಒಳಗೆ ಬಂದಾಗ ಮಗಳು ಗುಂಡಿಯನ್ನು ಮೇಜಿನ ಮೇಲಿಟ್ಟಳು.

"ಅಯ್ಯೋ, ಸಿಕ್ತಾ?" ಎಂದಳು ಅಮ್ಮ. "ಎಲ್ಲಿತ್ತೇ?"

"ಎಂಟನೇ ತಾಕಲ್ಲಿ."

"ಅಷ್ಟು ದೂರ ಹೋಗಿತ್ತಾ?" ಅಮ್ಮ ಗುಂಡಿಯನ್ನು ಸೆರಗಿನಿಂದ ಒರೆಸಿದಳು. "ಸ್ವೆಟರ್ ತಾ, ಹೊಲಿದು ಕೊಡ್ತೀನಿ."

"ಅಮ್ಮ, ಸೊನ್ನೆ ತಾಕಿಗೆ ಗೊಬ್ಬರ ಹಾಕ್ತಾ ಇದ್ಯಾ?"

ಅಮ್ಮ ಸೂಜಿಯ ಡಬ್ಬಿ ಹುಡುಕತೊಡಗಿದಳು. ಹುಡುಕುತ್ತಲೇ ಹೇಳಿದಳು. "ಒಂದೊಂದು ಬುಟ್ಟಿ. ಅದೇನು ಮಹಾ."

"ಯಾವಾಗಿಂದ?"

"ಮೊದಲ್ನೇ ವರ್ಷದಿಂದ. ನೀನು ನೋಡಿದ್ದೀಯಲ್ಲ, ಹೇಗೆ ಹಳದಿ ಆಗಿದ್ವು. ಐದು ಮಕ್ಕಳನ್ನ ಸಾಲಾಗಿ ಕೂರಿಸ್ತಾರಂತೆ, ನಾಲ್ಕಕ್ಕೆ ಬಡಿಸ್ತಾರಂತೆ, ಐದನೇದು ಪಿಳಿಪಿಳಿ ನೋಡ್ತಾ ಕೂರಬೇಕಂತೆ. ದಿನಾ ಅದರ ಬುಡದಲ್ಲೇ ಕೂತು ಕಳೆ ಕೀಳೋಳು ನಾನು. ಮುಖ ಹೇಗೆ ತೋರಿಸ್ಲಿ ಅದಕ್ಕೆ?"

"ಸೊನ್ನೆ ಅಂದ್ರೆ ಏನೂ ಹಾಕಬಾರ್ದು ಅಂತ ಅಮ್ಮ."

"ಸರ್ಕಾರದ್ದು ಹಾಕಬಾರ್ದು. ನಾನು ಹಾಕಿದ್ದು ನಮ್ಮ ಹಸೂದು. ನಮ್ಮ ಹಸು, ನಮ್ಮ ಸಗಣಿ, ನನ್ನ ಸೊಂಟ. ಇದರಲ್ಲಿ ಯಾರ ಗಂಟು ಹೋಯ್ತು?"

ಮಗಳು ಕರಡನ್ನು ಗುಂಡಿಯ ಪಕ್ಕಕ್ಕಿಟ್ಟು ಓದಿ ಹೇಳಿದಳು. ತಲೆಬರಹ ಮುಗಿಯುವಷ್ಟರಲ್ಲಿ ಅಮ್ಮನ ಕೈಯಲ್ಲಿದ್ದ ಡಬ್ಬಿ ಮೇಜಿನ ಮೇಲೆ ಕೂತಿತು.

"ಗೊಬ್ಬರ ಬೇಡ ಅಂತ ಬರೆದಿದ್ದಾರಾ?"

"ಹೂಂ."

"ಹೊತ್ತು ಹೊತ್ತು ನನ್ನ ನೆತ್ತಿ ಬೋಳಾಗಿದೆ. ಬಾ, ಮುಟ್ಟಿ ನೋಡು. ಗೊಬ್ಬರ ಬೇಡ ಅಂತೆ! ಮತ್ತೆ ಹೇಗೆ ಬಂತಂತೆ ಹುಲ್ಲು?"

"ಗಾಳಿಯಿಂದ."

"ಗಾಳಿಯಿಂದ," ಎಂದಳು ಅಮ್ಮ. ಇಪ್ಪತ್ತೆರಡು ವರ್ಷದಲ್ಲಿ ಆಕೆ ಅಧಿಕಾರಿಯ ಬಗ್ಗೆ ಒಂದು ಕೆಟ್ಟ ಮಾತಾಡಿರಲಿಲ್ಲ. ಆಗಲೂ ಆಡಲಿಲ್ಲ. ಆದರೆ ಆ ಒಂದು ಪದವನ್ನು ಮೂರು ಸಲ ಹೇಳಿದಳು.

"ನಾಳೆ ನಾನು ಹೋಗಿ ಮಾತಾಡ್ತೀನಿ," ಎಂದಳು ಮಗಳು. "ತಕ್ಕಡಿ ಕೆಟ್ಟಿತ್ತು ಅಂತ ಹೇಳ್ತೀನಿ. ಅಂಕಿ ಎಲ್ಲ ತಪ್ಪು ಅಂತ. ಕರಪತ್ರ ನಿಲ್ಲುತ್ತೆ. ನಿನ್ನ ಹೆಸರು ಬರಲ್ಲ."

"ಕೆಟ್ಟಿತ್ತಾ?"

"ಇಲ್ಲ."

"ಒಂಬತ್ತು ವರ್ಷ ಕೆಟ್ಟ ತಕ್ಕಡೀಲಿ ತೂಗಿದೆ ಅಂತ ನಿನ್ನ ಬಾಯಲ್ಲಿ ಹೇಳ್ತೀಯಾ?"

"ಹೇಳ್ತೀನಿ."

"ಆಮೇಲೆ ನಿನ್ನ ಯಾರು ಗ್ರಾಂ ಅಂತಾರೆ?"

ಆ ಹೆಸರನ್ನು ತಾನು ಇಷ್ಟಪಡುತ್ತಿದ್ದೆ ಎಂದು ಅವಳಿಗೆ ಗೊತ್ತಾದದ್ದೇ ಆಗ. ಇಬ್ಬರೂ ಊಟ ಮಾಡಿದರು. ಅಮ್ಮ ಬಿಳಿ ಗುಂಡಿ ಕಿತ್ತು ಮರದ ಗುಂಡಿ ಹೊಲಿದಳು. ದಾರವನ್ನು ಹಲ್ಲಿನಿಂದ ಕಡಿಯುವಾಗ ಏನೋ ಹೇಳಲು ಹೊರಟು, ದಾರದ ಜೊತೆ ಅದನ್ನೂ ಕಡಿದಳು.

ಬೆಳಿಗ್ಗೆ ಒಂಬತ್ತೂಕಾಲಿಗೆ ಅವಳು ಅಧಿಕಾರಿಯ ಕೋಣೆಯಲ್ಲಿ ನಿಂತಿದ್ದಳು. ಮೇಜಿನ ಎಡಕ್ಕೆ ಕಿಟಕಿ, ಕಿಟಕಿಯ ಹೊರಗೆ ಹತ್ತು ಹೆಜ್ಜೆಯಲ್ಲಿ ನಾಲ್ಕನೇ ಸಾಲು. ಗೋಡೆಯ ಮೇಲೆ ಒಂಬತ್ತು ವರ್ಷದ ಇಳುವರಿಯ ಗೆರೆಗಳು ಐದು ಬಣ್ಣದಲ್ಲಿ ಏರಿ ಇಳಿಯುತ್ತಿದ್ದವು.

"ಸಾರ್, ತಕ್ಕಡಿ ಸರಿ ಇರ್ಲಿಲ್ಲ," ಎಂದಳು. ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ವಾಕ್ಯ.

ಅಧಿಕಾರಿ ಕನ್ನಡಕ ತೆಗೆದ. "ಯಾವತ್ತು?"

"ಒಂಬತ್ತು ವರ್ಷದಿಂದ."

ಅವನು ಎದ್ದು ಕಪಾಟಿನಿಂದ ತೆಳು ಪುಸ್ತಕವೊಂದನ್ನು ತೆಗೆದ. ತಿಂಗಳಿಗೊಮ್ಮೆ ತಕ್ಕಡಿಯ ಮೇಲೆ ಹತ್ತು ಕೆಜಿಯ ಕಬ್ಬಿಣದ ಬಟ್ಟು ಇಟ್ಟು ಸರಿಯಿದೆಯೇ ಎಂದು ನೋಡಿ ಸಹಿ ಹಾಕುವ ಪುಸ್ತಕ. ಕೇಂದ್ರದಲ್ಲಿ ಆ ಪುಸ್ತಕವನ್ನು ನಿಜವಾಗಿ ತುಂಬುತ್ತಿದ್ದವಳು ಅವಳೊಬ್ಬಳೇ. ಅಧಿಕಾರಿ ಪುಟ ತಿರುಗಿಸಿದ. ಹತ್ತು ಕೆಜಿ, ಸರಿಯಿದೆ, ಸಹಿ. ಹತ್ತು ಕೆಜಿ, ಸರಿಯಿದೆ, ಸಹಿ. ಒಟ್ಟು ನೂರ ಎಂಟು ಸಹಿಗಳು. ಅವನು ಕೊನೆಯವರೆಗೂ ತಿರುಗಿಸಿದ, ಅವಳು ಕೊನೆಯವರೆಗೂ ನೋಡಿದಳು.

"ಇನ್ನೇನಾದ್ರೂ ಹೇಳೋದಿದ್ಯಾ?" ಎಂದ.

ಇಷ್ಟರಲ್ಲಿ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಕಂಕುಳಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಗೊಬ್ಬರ ಬಾಯಿಮಟ್ಟ ತುಂಬಿತ್ತು. ಆಕೆ ಒಳಗೆ ಬಂದು, ಎಲ್ಲಿ ಇಡುವುದೆಂದು ಅತ್ತಿತ್ತ ನೋಡಿ, ಸಂದರ್ಶಕರ ಕುರ್ಚಿಯ ಮೇಲೆ ಅದನ್ನು ಇಟ್ಟಳು.

"ಇದೇ ಸಾಹೇಬ್ರೇ ನಿಮ್ಮ ಗಾಳಿ," ಎಂದಳು.

ಅಧಿಕಾರಿ ಬುಟ್ಟಿಯನ್ನು ನೋಡಿದ, ಅಕ್ಕನನ್ನು ನೋಡಿದ, ಮತ್ತೆ ಬುಟ್ಟಿಯನ್ನು ನೋಡಿದ. ಅಮ್ಮ ಎಲ್ಲವನ್ನೂ ಹೇಳಿದಳು. ಪ್ರತಿ ಕಟಾವಾದ ಮಾರನೇ ದಿನದಿಂದ, ದಿನಕ್ಕೆ ಒಂದು ತಾಕಿಗೆ ಒಂದು ಬುಟ್ಟಿ. ಬೆಳಗಿನ ಜಾವ, ಉಳಿದ ಕೆಲಸದವರು ಬರುವ ಮೊದಲು. ಹಾಗೇ ಚೆಲ್ಲಿದರೆ ಬಿಸಿಲಿಗೆ ಒಣಗಿ ಸತ್ವ ಹಾರಿಹೋಗುತ್ತದೆ, ಅದಕ್ಕೆ ಗುದ್ದಲಿಯಿಂದ ಕೆರೆದು ಮಣ್ಣು ಮುಚ್ಚಿ ಆಮೇಲೆ ನೀರು ಬಿಡುತ್ತಿದ್ದಳು. ನೀರು ನಿಂತ ವರ್ಷ ಹಸಿಗೊಬ್ಬರ ಕೊಟ್ಟರೆ ಬೇರು ಕೊಳೆಯುತ್ತದೆಂದು ಎರಡು ಕಟಾವಿಗೆ ಹಾಕಿರಲಿಲ್ಲ. ಬದಲಿಗೆ ಬೂದಿ ಹಾಕಿದ್ದಳು.

"ಎಷ್ಟು ಬೂದಿ?" ಎಂದ ಅಧಿಕಾರಿ. ಅಷ್ಟು ಹೊತ್ತಿಗೆ ಅವನ ಕೈಯಲ್ಲಿ ಪೆನ್ಸಿಲಿತ್ತು. ಅದು ಅಭ್ಯಾಸಬಲ.

"ಒಂದು ಮೊರ."

ಅವನು ಎದ್ದು ಬುಟ್ಟಿಯನ್ನು ಎತ್ತಿ ಮಗಳ ಕೈಗೆ ಕೊಟ್ಟ. ಅವಳು ಪಕ್ಕದ ಕೋಣೆಯಲ್ಲಿ ತೂಗಿ ತಂದು ಮತ್ತೆ ಕುರ್ಚಿಯ ಮೇಲಿಟ್ಟಳು. "ಹದಿನೈದು ಕೆಜಿ ಮುನ್ನೂರ ಅರವತ್ತು ಗ್ರಾಂ, ಸಾರ್. ಬುಟ್ಟಿ ಬಿಟ್ಟು."

ಅವನು ಲೆಕ್ಕ ಹಾಕಿದ. ವರ್ಷಕ್ಕೆ ಆರು ಬುಟ್ಟಿ. ತಾನು ಕೊಟ್ಟಿಗೆ ಗೊಬ್ಬರದ ತಾಕಿಗೆ ವರ್ಷಕ್ಕೊಮ್ಮೆ ಕೊಡುತ್ತಿದ್ದುದರ ಎರಡರಷ್ಟಕ್ಕಿಂತ ಹೆಚ್ಚು, ಅದೂ ಹುಲ್ಲು ಹಸಿದ ಹೊತ್ತಿಗೆ ಸರಿಯಾಗಿ, ಆರು ತುತ್ತಾಗಿ. ಕಾಗದದ ಮೇಲೆ ಎಲ್ಲವೂ ಕೂಡಿಬಂತು. ಗಾಳಿಗೆ ಏನೂ ಉಳಿಯಲಿಲ್ಲ.

ಅವನು ಕೇಳಿದ. "ಹದಿನೇಳಕ್ಕೆ?"

ಅಮ್ಮ ಮೊದಲ ಸಲ ತಲೆ ತಗ್ಗಿಸಿದಳು. "ಅದಕ್ಕೆ ಹೇಗೆ ಹಾಕ್ಲಿ ಸಾಹೇಬ್ರೇ? ನೀವು ಬೆಳಿಗ್ಗೆ ಆರಕ್ಕೇ ಬಂದು ಈ ಕಿಟಕೀಲಿ ಕೂತಿರ್ತೀರಿ, ಎದುರಿಗೆ ಕಾಣೋದು ಆ ಸಾಲೊಂದೇ. ಅದರ ಪಾಪ ನನಗೇ ಬರುತ್ತೆ. ದಿನಾ ಅದರ ಹತ್ರ ಹೋದಾಗ ಆಗಲ್ವೋ ಮಗಾ ಅಂತ ಹೇಳಿ ಬರ್ತಿದ್ದೆ."

ಮಗಳು ಅಮ್ಮನ ಮುಖ ನೋಡಿದಳು. ಸರ್ಕಾರದ್ದು ಹಾಕಬಾರದು, ನಮ್ಮದು ಹಾಕಬಹುದು ಎಂದು ನಂಬಿದ್ದವಳು ಕಿಟಕಿಗೆ ಯಾಕೆ ಹೆದರಬೇಕಿತ್ತು? ಅಂದರೆ ಅಮ್ಮನಿಗೆ ಗೊತ್ತಿತ್ತು. ಒಂಬತ್ತು ವರ್ಷವೂ ಗೊತ್ತಿತ್ತು. ಗೊತ್ತಿದ್ದೂ ಹೊತ್ತಳು. ಅಮ್ಮನಿಗೂ ತನ್ನ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿಯಿತು. ಆಕೆ ಸೆರಗಿನ ತುದಿ ಹಿಡಿದು ಅದರಲ್ಲಿ ಇಲ್ಲದ ಕೊಳೆ ಉಜ್ಜತೊಡಗಿದಳು. ಬುಟ್ಟಿಯಿಂದ ಒಂದು ಎರೆಹುಳು ಹೊರಬಂದು ಕುರ್ಚಿಯ ಕೈಯನ್ನು ಪರಿಶೀಲಿಸುತ್ತಿತ್ತು.

ಅಧಿಕಾರಿ ಅಂಕಿಗಳ ದೊಡ್ಡ ಪುಸ್ತಕದಲ್ಲಿ ಹದಿನೇಳರ ಪುಟ ತೆರೆದ. ಐವತ್ತನಾಲ್ಕು ಕಟಾವು, ಐವತ್ತನಾಲ್ಕು ಕೆಂಪು ಗೆರೆ. "ನಿಜ ಹೇಳ್ತಾ ಇದ್ದದ್ದು ಇದೊಂದೇ," ಎಂದ. "ನನ್ನ ಕಿಟಕಿ ಕೆಳಗೇ ನಿಂತು ಹೇಳ್ತಾ ಇತ್ತು. ನಾನೇ ಪ್ರತಿ ಸಲ ಬಾಯಿ ಮುಚ್ಚಿಸ್ದೆ."

"ಹಾಗಂದ್ರೆ ನನ್ನನ್ನ ಮನೆಗೆ ಕಳಿಸ್ತೀರಾ?" ಎಂದಳು ಅಮ್ಮ.

ಅವನು ನಿಯಮದ ಪುಸ್ತಕ ತೆರೆದ. ಅವನು ಯಾವುದನ್ನೂ ಪುಸ್ತಕ ತೆರೆಯದೆ ಹೇಳುವವನಲ್ಲ. "ಪ್ರಯೋಗದ ತಾಕಿಗೆ ಹಾನಿ ಮಾಡಿದವರನ್ನ ತೆಗೀಬೇಕು ಅಂತಿದೆ." ಮಗಳತ್ತ ತಿರುಗಿದ. "ಹಾನಿ ಆಗಿದ್ಯಾ?"

"ಕಟಾವಿಗೆ ಇಪ್ಪತ್ತೈದು ಕೆಜಿ ಜಾಸ್ತಿ ಬಂದಿದೆ, ಸಾರ್."

"ಹೂಂ." ಅವನು ಪುಸ್ತಕ ಮುಚ್ಚಿದ. ಅದು ದಯೆಯೋ, ಸುಸ್ತೋ ಅವನ ಮುಖದಲ್ಲಿ ತಿಳಿಯುವಂತಿರಲಿಲ್ಲ. ಎರಡರ ಸರಾಸರಿ ಇರಬಹುದು. "ಅಕ್ಕಾ, ನಾಳೆಯಿಂದ ನೀವು ಬೀಜದ ಉಗ್ರಾಣದಲ್ಲಿ. ಹುಲ್ಲಿನ ಹೊಲಕ್ಕೆ ಕಾಲಿಡೋ ಹಾಗಿಲ್ಲ. ಬದುವಿನ ಮೇಲೂ ಇಲ್ಲ. ರಜಾದಿನವೂ ಇಲ್ಲ."

ಅಮ್ಮ ತಲೆಯಾಡಿಸಿದಳು. ಬುಟ್ಟಿ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, "ಇದೊಂದನ್ನ ಹದಿನೇಳಕ್ಕೆ ಹಾಕ್ಲಾ?" ಎಂದಳು.

"ಬೇಡ!" ಎಂದರು ಇಬ್ಬರೂ ಒಟ್ಟಿಗೆ.

ಹತ್ತು ಗಂಟೆಗೆ ಪ್ರೆಸ್ಸಿನವನು ಬಂದು ಬರಿಗೈಯಲ್ಲಿ ಹೋದ. ಮಧ್ಯಾಹ್ನ ಅಧಿಕಾರಿ ದೊಡ್ಡ ಸಂಸ್ಥೆಗೆ ಇನ್ನೊಂದು ಕಾಗದವನ್ನು ಅವಳ ಕೈಯಲ್ಲಿ ಬರೆಸಿದ. 'ನಮ್ಮ ಹುಲ್ಲಿನ ಬೇರಿನಲ್ಲಿ ವಿಶೇಷವಾದದ್ದು ಏನೂ ಇಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.' ಕಾರಣ ಎಂಬಲ್ಲಿ ಮೊದಲು 'ಕೇಂದ್ರದ ಸಿಬ್ಬಂದಿಯ ಅತಿಯಾದ ಕಾಳಜಿ' ಎಂದು ಹೇಳಿ, ಅದನ್ನು ಹೊಡೆಸಿ, 'ನಿರ್ವಹಣೆಯಲ್ಲಿನ ವ್ಯತ್ಯಾಸ' ಎಂದು ಬರೆಸಿದ. ಅವಳು ಬರೆದಳು. ಒಂಬತ್ತು ವರ್ಷದ ಅಂಕಿಗಳನ್ನು ಬಿಸಾಡಲು ಅವನಿಗೆ ಕೈ ಬರಲಿಲ್ಲ. ಅದೇ ತಾಕುಗಳನ್ನು ಇಟ್ಟುಕೊಂಡು ಹೊಸ ಪ್ರಯೋಗ ಶುರುಮಾಡಿದ. ಗೊಬ್ಬರ ನಿಲ್ಲಿಸಿದ ಮೇಲೆ ನೆಲದ ಸತ್ವ ಎಷ್ಟು ಕಾಲ ಉಳಿಯುತ್ತದೆ ಎಂಬುದು ವಿಷಯ. ಅದಕ್ಕೆ ಬೇಕಾದದ್ದು ಇಷ್ಟೇ. ಮೂರು ಸೊನ್ನೆ ತಾಕುಗಳಿಗೆ ಯಾರೂ ಏನೂ ಹಾಕಬಾರದು, ಮತ್ತು ಅವಳು ತೂಗಬೇಕು.

ಉಗ್ರಾಣದಲ್ಲಿ ಅಮ್ಮನ ಕೆಲಸ ಬೀಜ ಜರಡಿ ಹಿಡಿದು ಡಬ್ಬಿಗೆ ತುಂಬುವುದು. ಒಂದು ವಾರ ಮಾಡಿ ಬಂದು, "ಬೀಜಕ್ಕೆ ಏನೂ ಬೇಡ ಕಣೇ," ಎಂದಳು. "ನೀರು ಬೇಡ, ಬಿಸಿಲು ಬೇಡ. ಮುಟ್ಟಿದ್ರೂ ಅಷ್ಟೇ, ಮುಟ್ಟದಿದ್ರೂ ಅಷ್ಟೇ. ಸತ್ತವರ ಮನೇಲಿ ಕೂತ ಹಾಗಾಗುತ್ತೆ." ಡ್ರೈವರ್ ಎರಡು ಸಲ ಉಗ್ರಾಣದ ಬಾಗಿಲಲ್ಲಿ ನಿಂತು, "ಅಕ್ಕಾ, ಬೀಜಕ್ಕೂ ಒಂದು ಬುಟ್ಟಿ ಹಾಕಿಬಿಡಿ, ಡಬ್ಬೀಲೇ ಮೊಳಕೆ ಬರ್ಲಿ" ಎಂದು ಛೇಡಿಸಿದ. ಮೂರನೇ ಸಲ ಜರಡಿ ಹಾರಿಬಂದ ಮೇಲೆ ನಿಲ್ಲಿಸಿದ.

ಕಟಾವಿನ ದಿನ ಸಂಜೆ ಮಾತ್ರ ಅಮ್ಮ ಕೇಳುತ್ತಿದ್ದಳು. ಮೊದಲ ಸಲ ಮಗಳು ಚಪ್ಪಲಿ ಬಿಡುವಾಗಲೇ ಕೇಳಿದಳು. "ಎಂಟನೇದ್ರಲ್ಲಿ ಎಷ್ಟು ಬಂತು?"

"ಮೂವತ್ತಾರು."

"ಪರವಾಗಿಲ್ಲ. ಉಳಿದದ್ದು ತಿಂತಾ ಇದೆ."

ಎರಡನೇ ಸಲ ಮೂವತ್ತೆರಡು. ಮೂರನೇ ಸಲ ಮಳೆ ಚೆನ್ನಾಗಿತ್ತು, ಆದರೂ ಇಪ್ಪತ್ತೆಂಟು. ನಾಲ್ಕನೇ ಸಲ ಅಮ್ಮ ಕೇಳುವುದನ್ನು ರಾತ್ರಿಯ ಊಟದವರೆಗೆ ಮುಂದಕ್ಕೆ ಹಾಕಿದಳು. ಮಗಳು ಇಪ್ಪತ್ತಮೂರು ಎಂದಳು. ಮೂವತ್ತು ಎಂದುಬಿಡಬಹುದಿತ್ತು. ಆ ಅಂಕಿ ನಾಲಿಗೆಯ ತುದಿಗೆ ಬಂದೂ ಇತ್ತು. ಅದನ್ನು ಯಾರೂ ಪುಸ್ತಕದಲ್ಲಿ ನೋಡುತ್ತಿರಲಿಲ್ಲ. ಅವಳಿಂದ ಆಗಲಿಲ್ಲ.

ಐದನೇ ಕಟಾವಿನ ದಿನ ಮೂರೂ ತಾಕುಗಳು ಹಳದಿಯಾಗಿದ್ದವು. ಕುಡುಗೋಲು ಹಿಡಿದವರು ಬೇಗ ಕೆಲಸ ಮುಗಿಸಿದರು, ಏಕೆಂದರೆ ಕೊಯ್ಯಲು ಹೆಚ್ಚಿರಲಿಲ್ಲ. ಸಂಜೆ ಅಮ್ಮ ತಟ್ಟೆ ಇಟ್ಟು ಎದುರು ಕೂತಳು. ಅನ್ನ ಬಡಿಸಿದಳು, ಸಾರು ಬಡಿಸಿದಳು. ಆಮೇಲೆ ಕೇಳಿದಳು.

"ಹದಿನೆಂಟು ಕೆಜಿ," ಎಂದಳು ಮಗಳು. "ಹದಿನೆಂಟು ಕೆಜಿ ನಲವತ್ತು ಗ್ರಾಂ."

"ಯಾರೂ ಏನೂ ಹಾಕ್ಲಿಲ್ವಾ?"

"ಇಲ್ಲ."

"ಒಂದು ಹಿಡಿ ಬೂದಿನೂ?"

"ಇಲ್ಲ."

"ನೀನು ದಿನಾ ಅದರ ಪಕ್ಕದಲ್ಲೇ ಓಡಾಡ್ತೀಯಲ್ಲ."

"ಹೂಂ."

ಅಮ್ಮ ಅವಳನ್ನು ನೋಡಿದಳು. ಬೈಯುವ ನೋಟವಲ್ಲ ಅದು. ಈ ಹುಡುಗಿ ಯಾರ ಮನೆಯವಳೋ ಎಂದು ನೆನಪು ಮಾಡಿಕೊಳ್ಳುವಂತೆ ನೋಡಿದಳು. "ಹೇಗೆ ಮನಸ್ಸು ಬಂತೇ ನಿಂಗೆ?"

ಮಗಳು ತಟ್ಟೆಯಿಂದ ಕೈ ತೆಗೆದಳು.

"ಬರ್ಲಿಲ್ಲ," ಎಂದಳು. "ತೂಗಿದೆ."